ಆಹಾರಶುದ್ಧಿಯಲ್ಲಿ ಮೂಲವಿಚಾರ

ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರು ಸೀಮೆಯ ಮನೆಗಳಲ್ಲಿ ಜೋಳದ ರೊಟ್ಟಿ, ತೊಗರಿಬೇಳೆ ತಲೆತಲಾಂತರದ ಆಹಾರ. ರೊಟ್ಟಿಗೆ ಹಿಟ್ಟು, ನೀರು, ಬೆಂಕಿ ಸಾಕು. ಅದರ ಮೂಲವನ್ನು ಯಾರೂ ವಿಚಾರಿಸಬೇಕಾಗಿಲ್ಲ. ಇಂದು ಅದೇ ಮನೆಗಳಿಗೆ ಕೇಕು, ಬಿಸ್ಕತ್ತುಗಳೂ ಬರುತ್ತವೆ. ಕೆಲವು ಪೊಟ್ಟಣಗಳ ಹಿಂಬದಿಯಲ್ಲಿ 450 ಎಂಬ ಅಂಕಿ ಇರುತ್ತದೆ. ಮನೆಮಾತು ಕನ್ನಡವಿರಲಿ, ತೆಲುಗು, ಮರಾಠಿ, ಹಿಂದಿ ಇರಲಿ, ಅಂಕಿ ಒಂದೇ; ಅರ್ಥ ಮಾತ್ರ ಬಹುಜನರಿಗೆ ಅಪರಿಚಿತ.

ಇದು ಡೈಫಾಸ್ಫೇಟ್ ಎಂಬ ಲವಣವರ್ಗದ ಸಂಖ್ಯೆ. ಇದರಲ್ಲೊಂದಾದ ಸೋಡಿಯಂ ಆಸಿಡ್ ಪೈರೋಫಾಸ್ಫೇಟ್ ಅಡಿಗೆ ಸೋಡಾದೊಡನೆ ಸೇರಿ, ಕಾವು ತಗಲಿದಾಗ ಅನಿಲವನ್ನು ಬಿಡಿಸಿ ಹಿಟ್ಟನ್ನು ಉಬ್ಬಿಸುತ್ತದೆ. ಯೀಸ್ಟ್ ಎಂಬ ಸಜೀವ ವಸ್ತು ಇಲ್ಲಿ ಬೇಕಾಗುವುದಿಲ್ಲ. ಈ ದೃಷ್ಟಿಯಿಂದ ಇದು ನಿರ್ದೋಷವೆಂದೇ ತೋರುತ್ತದೆ.

ಆದರೆ ಮೂಲವೇನು? 1856ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಎಬೆನ್ ಹಾರ್ಸ್‌ಫರ್ಡ್ ಹಿಟ್ಟು ಉಬ್ಬಿಸುವ ಫಾಸ್ಫೇಟ್ ಪುಡಿಗೆ ಪೇಟೆಂಟ್ ಪಡೆದಾಗ ಅದನ್ನು ಪ್ರಾಣಿಗಳ ಎಲುಬಿನಿಂದ ತಯಾರಿಸುತ್ತಿದ್ದರು. ಮುಂದೆ ಎಲುಬಿನ ಸ್ಥಾನಕ್ಕೆ ಖನಿಜ ಶಿಲೆ ಬಂದಿತು. ಇಂದು ಫಾಸ್ಫೇಟ್‌ಗಳು ಬಹುಮಟ್ಟಿಗೆ ಶಿಲೆಯಿಂದಲೇ ದೊರೆಯುತ್ತವೆ. ಎಲುಬಿನ ಫಾಸ್ಫೇಟ್‌ಗೆ 542 ಎಂಬ ಬೇರೆ ಸಂಖ್ಯೆಯೇ ಇದೆ.

ಶುದ್ಧಗೊಳಿಸಿದ ಮೇಲೆ ಎಲುಬಿನ ಲವಣಕ್ಕೂ ಶಿಲೆಯ ಲವಣಕ್ಕೂ ಗುಣದಲ್ಲಿ ಭೇದವಿಲ್ಲದಿದ್ದರೆ, ಮೂಲವನ್ನು ಕೇಳುವುದೇಕೆ? ವಸ್ತು ಒಂದೇ ಆದರೂ ಅದರ ಹಿಂದಿನ ಕ್ರಿಯೆ ಒಂದಲ್ಲ. ಹಿಂಸೆಯನ್ನು ಕೃತ, ಕಾರಿತ, ಅನುಮೋದನವೆಂದು ಮೂರು ಬಗೆಯಾಗಿ ಎಣಿಸುವವರಿಗೆ, ತಿಳಿದೂ ಕೊಳ್ಳುವುದು ಅನುಮೋದನವೇ ಆಗುತ್ತದೆ.

ಹಸಿರು ಗುರುತು ಈ ವಿವೇಕದ ಭಾರವನ್ನು ಪೂರ್ತಿಯಾಗಿ ಹೊರಲಾರದು. ಜೇನುತುಪ್ಪವೂ ಕಂದಮೂಲವೂ ಅದೇ ಗುರುತಿನ ಅಡಿಯಲ್ಲಿ ಬರುತ್ತವೆ. 2021ರ ಡಿಸೆಂಬರಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಘಟಕಗಳನ್ನು ಸಂಕೇತಸಂಖ್ಯೆಯಿಂದ ಸೂಚಿಸಿದರೆ ಸಾಲದು, ಅವು ಸಸ್ಯಮೂಲವೋ ಪ್ರಾಣಿಮೂಲವೋ ಪ್ರಯೋಗಾಲಯದಲ್ಲಿ ತಯಾರಾದವೋ ಎಂಬುದನ್ನೂ ತಿಳಿಸಬೇಕೆಂದು ಆದೇಶಿಸಿತು.

ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಗಾಳಿಮಾತು ಕೇಳಿ ಪ್ರತಿಯೊಂದು ಅಂಕಿಯನ್ನೂ ಎಲುಬೆಂದು ಸಾರುವುದು, ಮಗುವಿನ ಕೈಯ ಬಿಸ್ಕತ್ತನ್ನು ಕಸಿದು ಬೈಯುವುದು ಸತ್ಯವ್ರತಕ್ಕೆ ಕುಂದು. ಒಂದನ್ನು ಮತ್ತೊಂದೆಂದು ತೋರಿಸಿ ಮಾರುವ ಪ್ರತಿರೂಪಕ ವ್ಯವಹಾರವನ್ನು ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಮೂಲ ತಿಳಿಯದಿರುವಾಗಲೂ “ಶುದ್ಧ” ಎಂದು ತೂಗಿಕೊಡುವ ವರ್ತಕನು ಆ ಗಡಿಯ ಸಮೀಪದಲ್ಲೇ ನಿಂತಿರುತ್ತಾನೆ.

“ತಿಳಿಯದು, ವಿಚಾರಿಸಿ ಹೇಳುತ್ತೇನೆ” ಎನ್ನುವುದರಿಂದ ಒಂದು ದಿನದ ವ್ಯಾಪಾರ ಕಡಿಮೆಯಾಗಬಹುದು. ಅಂಗಡಿಯ ಮಾತಿಗೂ ಮನೆಯ ಅಡಿಗೆಗೂ ಶುದ್ಧಿ ಆರಂಭವಾಗುವುದು ಅಲ್ಲಿಂದಲೇ.