ಕರ್ಮಕ್ಕೂ ಜಿಲ್ಲೆಯ ಗಡಿ ಉಂಟೆ?

ಕೂಸಿನ ಕಾಲು ಸ್ವಾಧೀನ ತಪ್ಪಿದರೆ, ನೋಡಲು ಬಂದವರು ‘ಪಡೆದುಕೊಂಡು ಬಂದದ್ದು’ ಎಂದು ನಿಟ್ಟುಸಿರು ಬಿಡುತ್ತಾರೆ. ಹಿಂದಿನ ಜನ್ಮದ ಲೆಕ್ಕ ಈ ಜನ್ಮದಲ್ಲಿ ಚುಕ್ತಾ ಆಗುತ್ತದೆಂಬ ನಂಬಿಕೆ ಅದು. ಅದನ್ನು 2009ರ ಪೋಲಿಯೊ ಅಂಕಿಗಳ ಪಕ್ಕದಲ್ಲಿಟ್ಟು ನೋಡಬೇಕು. ಆ ವರ್ಷ ಭಾರತದಲ್ಲಿ ಪತ್ತೆಯಾದ 741 ಪ್ರಕರಣಗಳಲ್ಲಿ 602 ಉತ್ತರ ಪ್ರದೇಶದವು, 117 ಬಿಹಾರದವು. ಮಿಕ್ಕ ದೇಶಕ್ಕೆಲ್ಲ ಸೇರಿ 22. ಪಾಪಿಗಳೆಲ್ಲ ಮಾತಾಡಿಕೊಂಡು ಗಂಗೆಯ ಬಯಲಿನಲ್ಲೇ ಮರುಹುಟ್ಟು ಪಡೆದರೇನು?

ಎಲ್ಲಿ ಹುಟ್ಟಬೇಕೆಂಬುದನ್ನೂ ಕರ್ಮವೇ ಗೊತ್ತುಮಾಡುತ್ತದೆ ಎಂದು ಕರ್ಮವಾದಿ ಹೇಳಬಹುದು.

ಆಯುರ್ವೇದದ ಗ್ರಂಥ ಚರಕಸಂಹಿತೆಯ ವಿಮಾನಸ್ಥಾನವೆಂಬ ಭಾಗ ಹಿಡಿಯುವ ದಾರಿ ಬೇರೆ. ಪಾಂಚಾಲದ ಕಾಂಪಿಲ್ಯದಲ್ಲಿ, ಅಂದರೆ ಇಂದಿನ ಉತ್ತರ ಪ್ರದೇಶದಲ್ಲೇ, ಗಂಗೆಯ ದಡದಲ್ಲಿ ಅಡ್ಡಾಡುತ್ತಿದ್ದ ಗುರು ಆತ್ರೇಯನಿಗೆ ಶಿಷ್ಯ ಅಗ್ನಿವೇಶ ಪ್ರಶ್ನೆ ಹಾಕುತ್ತಾನೆ: ದೇಹಪ್ರಕೃತಿ, ಆಹಾರ, ವಯಸ್ಸು ಬೇರೆಬೇರೆಯಾದ ಜನ ಒಂದೇ ರೋಗಕ್ಕೆ ಒಟ್ಟಿಗೆ ಬಲಿಯಾಗುವುದು ಹೇಗೆ? ಗಾಳಿ, ನೀರು, ನೆಲ, ಕಾಲ ಎಲ್ಲರಿಗೂ ಒಂದೇ. ಅವು ಕೆಟ್ಟರೆ ಜನಪದವೇ ಕೆಡುತ್ತದೆ ಎನ್ನುತ್ತಾನೆ ಗುರು. ಅವು ಕೆಡುವುದೇಕೆ? ಹಿಂದಿನ ಕೆಟ್ಟ ಕರ್ಮವನ್ನು ಆತ್ರೇಯ ಕೈಬಿಡುವುದಿಲ್ಲ. ಆದರೆ ವಿವರಿಸಲು ಹೊರಟಾಗ ಬೊಟ್ಟು ಮಾಡುವುದು ದೇಶವನ್ನೂ ನಗರವನ್ನೂ ಆಳುವವರ ಅಧರ್ಮದ ಕಡೆಗೆ.

ಪೋಲಿಯೊ ವಿಷಯದಲ್ಲಿ ಬೊಟ್ಟು ಹೆಚ್ಚಾಗಿ ತಿರುಗಿದ್ದು ಮಸೀದಿಯ ಕಡೆಗೆ. ಲಸಿಕೆಯ ಹನಿ ಹಾಕಿಸಿದರೆ ಮುಂದೆ ಸಂತಾನವಾಗದೆಂಬ ಪುಕಾರು ಮುಸ್ಲಿಂ ಮೊಹಲ್ಲಾಗಳಲ್ಲಿ ಹಬ್ಬಿತ್ತು, ನಿಜ. ಅದನ್ನು ಹೋಗಲಾಡಿಸಲು ಮೌಲ್ವಿಗಳೂ ಅಲಿಗಢ, ಜಾಮಿಯಾ ವಿಶ್ವವಿದ್ಯಾಲಯಗಳೂ ಕೈಜೋಡಿಸಿದವು. ಆದರೆ ಹಲವು ಸಲ ಹನಿ ಹಾಕಿಸಿಕೊಂಡ ಮಕ್ಕಳನ್ನೂ ರೋಗ ಬಿಡಲಿಲ್ಲ. 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಕಾರಣ ತೋರಿಸಿತು. ಒಂದು ಸಲದ ಹನಿ ಉತ್ತರ ಪ್ರದೇಶದ ಮಗುವಿಗೆ ಕೊಡುತ್ತಿದ್ದ ರಕ್ಷಣೆ ಶೇ 9. ದೇಶದ ಬೇರೆಡೆ ಸುಮಾರು ಶೇ 21. ಕಿಕ್ಕಿರಿದ ಓಣಿ, ತೆರೆದ ಚರಂಡಿ, ಬಿಟ್ಟೂಬಿಡದ ಭೇದಿ. ಕರುಳಿನಲ್ಲಿ ಮೊದಲೇ ಠಿಕಾಣಿ ಹೂಡಿದ್ದ ಬೇರೆ ವೈರಾಣುಗಳು ಲಸಿಕೆಗೆ ನೆಲೆಯೂರಲು ಬಿಡುತ್ತಿರಲಿಲ್ಲ.

ಹನಿ ಎಲ್ಲರಿಗೂ ಒಂದೇ, ಫಲ ಒಂದೇ ಅಲ್ಲ. ಇಂಥಲ್ಲಿ ಸಮನಾಗಿ ಹಂಚಿ ಕೈತೊಳೆದುಕೊಂಡರೆ ಧರ್ಮವಾಗುತ್ತದೆಯೇ? ಅಧಿಕಾರಿಗಳು ಕೊನೆಗೆ ಸಮಪಾಲು ಬಿಟ್ಟು, ಅಗತ್ಯ ಹೆಚ್ಚಿದ್ದಲ್ಲಿಗೆ ಹೆಚ್ಚು ಒಯ್ದರು. ಉತ್ತರ ಪ್ರದೇಶದ 66, ಬಿಹಾರದ 41 ಬ್ಲಾಕ್‌ಗಳನ್ನು ಆರಿಸಿ ಲಸಿಕೆಯ ಜೊತೆಗೆ ಶುದ್ಧ ನೀರು, ಕೈತೊಳೆಯುವ ರೂಢಿ, ಭೇದಿಗೆ ಓಆರ್‌ಎಸ್ ಮತ್ತು ಸತುವಿನ ಮಾತ್ರೆಗಳತ್ತ ಗಮನ ಕೊಟ್ಟರು. 2010ರ ಜನವರಿಯಲ್ಲಿ ಎರಡು ಬಗೆಯ ವೈರಾಣುವಿಗೆ ಒಟ್ಟಿಗೆ ನಾಟುವ ಹೊಸ ಹನಿಯೂ ಬಂತು. ಆ ವರ್ಷದ ಪ್ರಕರಣಗಳು 42. ಮರುವರ್ಷ ಒಂದೇ ಒಂದು, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ, ನೈಸರ್ಗಿಕ ವೈರಾಣುವಿನ ಮಟ್ಟಿಗೆ ಅದೇ ಕೊನೆ.

ಕರ್ಮದ ವಾದವನ್ನು ಹಿಡಿದವರು ಈಗ ಹೇಳಬೇಕಾದದ್ದು, ಒಂದು ಪ್ರಾಂತದ ಮಕ್ಕಳ ಪ್ರಾರಬ್ಧವೆಲ್ಲ ಎರಡೇ ವರ್ಷದಲ್ಲಿ ಹೇಗೆ ಸವೆಯಿತು ಎಂಬುದನ್ನು. ಆತ್ರೇಯನ ಮಾತನ್ನು ಒಪ್ಪುವವರ ಮುಂದಿರುವುದು ಇನ್ನೂ ಕಷ್ಟದ ಪ್ರಶ್ನೆ. ಅಷ್ಟರೊಳಗೆ ಕಾಲು ಸೋತವರಲ್ಲಿ ಹಲವರು ಇಂದು ದುಡಿಯುವ ವಯಸ್ಸಿನಲ್ಲಿದ್ದಾರೆ. ಅಧರ್ಮ ಆಳುವವರದಾಗಿದ್ದರೆ, ಇವರಿಗೆ ಸಲ್ಲುವ ಪಿಂಚಣಿಯನ್ನು ಆಳುವವರು ಯಾವ ಬಾಯಿಂದ ದಯೆ ಎನ್ನಬೇಕು?