ಕರುಳಿಗೆ ಕಾವಲು

ಬೂಷ್ಟು ಹಿಡಿದ ಕಡಲೆಕಾಯಿ ಬೀಜ ಕಹಿಯೆನಿಸಿದರೆ ಉಗುಳುತ್ತೇವೆ. ಆದರೆ ಆ ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ನಾಲಿಗೆಗೆ ಸಿಕ್ಕೇ ಸಿಗುತ್ತದೆ ಎನ್ನುವಂತಿಲ್ಲ. ಹುರಿದರೂ ಬೇಯಿಸಿದರೂ ಅದು ಪೂರ್ತಿ ನಾಶವಾಗದು. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು.

ಇಂಥ ವಿಷಕ್ಕೆ ಮೊದಲು ಎದೆಯೊಡ್ಡುವುದು ಕರುಳಿನ ಒಳಪದರ. ಅದರ ದಪ್ಪ ಒಂದೇ ಒಂದು ಜೀವಕೋಶದಷ್ಟು. ಕೋಶಗಳ ನಡುವಿನ ಬೆಸುಗೆ ಸಡಿಲಾದರೆ ವಿಷಕ್ಕೆ ರಕ್ತದ ದಾರಿ ತೆರೆಯಿತು. ಅರಿಶಿನದ ಕರ್ಕ್ಯುಮಿನ್ ಈ ಬೆಸುಗೆಯನ್ನು ಕಾಯಬಲ್ಲದು ಎನ್ನುತ್ತವೆ ಪ್ರಯೋಗಾಲಯದ ಅಧ್ಯಯನಗಳು. ತೊಡಕೆಂದರೆ, ಅದು ನೀರಿನಲ್ಲಿ ಕರಗದು; ನುಂಗಿದ್ದರಲ್ಲಿ ಬಹುಪಾಲು ಹಾಗೇ ಹೊರಹೋಗುತ್ತದೆ. ಕಾಳುಮೆಣಸಿನ ಪೈಪರಿನ್ ಜೊತೆಗಿದ್ದರೆ ರಕ್ತ ಸೇರುವ ಕರ್ಕ್ಯುಮಿನ್ ಇಪ್ಪತ್ತು ಪಟ್ಟು ಹೆಚ್ಚುತ್ತದೆಂದು 1998ರಲ್ಲಿ ತೋರಿಸಿದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು.

ಕರುಳನ್ನು ಕಾಯಹೊರಟ ನ್ಯಾನೊ ವಿಜ್ಞಾನಿಗಳ ಗುರಿ ಬೇರೆ. ಮದ್ದು ರಕ್ತಕ್ಕೆ ಹೋಗುವುದಕ್ಕಿಂತ ಕರುಳಿನ ಗೋಡೆಯ ಬಳಿಯೇ ನಿಲ್ಲಬೇಕು. ಕೂದಲೆಳೆಯ ದಪ್ಪದಲ್ಲಿ ಸಾವಿರದ ಒಂದು ಪಾಲಿನಷ್ಟು ಚಿಕ್ಕ ಕಣದೊಳಗೆ ಕರ್ಕ್ಯುಮಿನ್ ತುಂಬಿ, ಜಠರದ ಆಮ್ಲಕ್ಕೆ ಜಗ್ಗದೆ ಕರುಳಿನಲ್ಲಿ ಕರಗುವ ಲೇಪ ಕೊಡುತ್ತಾರೆ. ಸಿಗಡಿ ಚಿಪ್ಪಿನಿಂದ ತೆಗೆದ ಕೈಟೊಸಾನ್ ಬಳಸಿದರೆ ಕಣ ಕರುಳಿನ ಲೋಳೆಗೆ ಅಂಟಿ ನಿಲ್ಲುತ್ತದೆ. ಸರಿಯಾದ ವಿಳಾಸ ಬರೆದ ಕಾಗದದಂತೆ ಮದ್ದು ಬೇಕಾದ ಕಡೆಗೇ ತಲುಪಲಿ ಎಂಬುದು ಆಸೆ. ಈ ಕೆಲಸ ಬಹುಮಟ್ಟಿಗೆ ಇನ್ನೂ ಜೀವಕೋಶ, ಇಲಿ, ಕೋಳಿಗಳ ಮೇಲಿನ ಪ್ರಯೋಗದ ಹಂತದಲ್ಲೇ ಇದೆ.

ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೆ ಯಾರೂ ಹೆದರಬೇಕಿಲ್ಲ. ಆದರೆ ಹೀರಿಕೆ ಹೆಚ್ಚಿಸಿದ ಅರಿಶಿನದ ಮಾತ್ರೆ ನುಂಗಿದವರ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ಇಟಲಿ, ಅಮೆರಿಕಗಳಲ್ಲಿ ವರದಿಯಾಗಿವೆ. ಗಿಡದಿಂದ ಬಂದಿದೆ ಎಂದ ಮಾತ್ರಕ್ಕೆ ಯಾವುದೂ ನಿರಪಾಯವಲ್ಲ. ನ್ಯಾನೊ ರೂಪ ಪಡೆದ ಅರಿಶಿನ ಅಡುಗೆಮನೆಯ ಪದಾರ್ಥವಾಗಿ ಉಳಿಯುವುದಿಲ್ಲ, ಔಷಧವಾಗುತ್ತದೆ. ಅದನ್ನು ಔಷಧದಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಬೇಕು.

ವಿಷ ಒಳಗೆ ಬಾರದಂತೆ ತಡೆಯುವ ಕೆಲಸವಂತೂ ಇಂದೇ ನಮ್ಮ ಕೈಯಲ್ಲಿದೆ. ಕಡಲೆಕಾಯಿ, ಜೋಳವನ್ನು ಚೆನ್ನಾಗಿ ಒಣಗಿಸಿ, ತೇವ ತಾಗದ ಕಡೆ ಇಡಿ. ಬೂಷ್ಟು ಹಿಡಿದದ್ದನ್ನು ತೊಳೆದು ಹುರಿದು ಉಳಿಸಿಕೊಳ್ಳಲು ನೋಡಬೇಡಿ, ಎಸೆಯಿರಿ. ದನಕ್ಕೂ ಹಾಕಬೇಡಿ, ಅದು ತಿಂದ ವಿಷ ಹಾಲಿನ ಮೂಲಕ ನಮ್ಮ ಮಕ್ಕಳ ಲೋಟಕ್ಕೇ ಬರುತ್ತದೆ.