ದೇವರೊಂದಿಗೆ ಮಾತು ಬಿಡಬೇಡಿ

ನಮ್ಮ ಹಳ್ಳಿಗಳಲ್ಲಿ "ಅವರಿಬ್ಬರೂ ಮಾತು ಬಿಟ್ಟಿದ್ದಾರೆ" ಎಂದು ಹೇಳುವುದನ್ನು ಕೇಳಿದ್ದೀರಿ. ಅಣ್ಣ ತಮ್ಮಂದಿರ ನಡುವೆ ಬದುವಿನ ತಕರಾರು ಬಂದರೆ ಹಿರಿಯರು ಜಗಳಕ್ಕೆ ಅಷ್ಟಾಗಿ ಹೆದರುವುದಿಲ್ಲ. ಜಗಳವಾಡುವವರು ಇಂದಲ್ಲ ನಾಳೆ ಒಂದಾಗುತ್ತಾರೆ. ಹಿರಿಯರು ಹೆದರುವುದು ಅವರು ಮಾತು ಬಿಟ್ಟಾಗ. ದೇವರು ಮೌನವಾಗಿದ್ದಾರೆ ಎನಿಸುವ ದಿನಗಳಲ್ಲಿ ನಮ್ಮ ವಿಶ್ವಾಸಕ್ಕೆ ಬರುವ ಅಪಾಯವೂ ಇದೇ.

ಅಂಥ ದಿನಗಳು ಕಲ್ಪತರು ನಾಡಿಗೆ ಹೊಸತಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲೂಕುಗಳಲ್ಲಿ ಮಗಳ ಮದುವೆ, ಮಗನ ಓದು, ಆಸ್ಪತ್ರೆಯ ಖರ್ಚು ಎಲ್ಲವೂ ತೆಂಗಿನ ಮರದ ಮೇಲೆ ನಿಂತಿವೆ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಪೀಡೆ ಕೆಲವೇ ವರ್ಷಗಳಲ್ಲಿ ಇಲ್ಲಿನ ತೋಟಗಳಿಗೂ ಹಬ್ಬಿತು. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಅದೇ ವರ್ಷ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ದರ ಅದಕ್ಕಿಂತ ಬಹಳ ಕೆಳಗೆ ಬಿತ್ತು. "ಹುಟ್ಟಿಸಿದ ದೇವರು ಹುಲ್ಲು ಮೇಯಿಸುವುದಿಲ್ಲ" ಎಂಬ ಗಾದೆಯನ್ನು ಅಂಥ ವರ್ಷದಲ್ಲಿ ಸಾಲಗಾರನ ಮುಂದೆ ಹೇಳಲು ಧೈರ್ಯ ಬೇಕು.

2025ರಲ್ಲಿ ಅದೇ ಕೊಬ್ಬರಿಯ ದರ ಎರಡು ಪಟ್ಟಿಗೂ ಮೀರಿ ಏರಿತು. "ನೋಡಿ, ದೇವರು ಕಣ್ಣು ಬಿಟ್ಟರು" ಎನ್ನೋಣವೇ? ಹಾಗಾದರೆ ಬರದಲ್ಲಿ ಸುಳಿ ಒಣಗಿ ಮರಗಳನ್ನೇ ಕಳೆದುಕೊಂಡವರಿಗೆ ಏನು ಹೇಳೋಣ? ಬೆಲೆ ಏರಿದಾಗ ದೇವರು ಮಾತಾಡಿದರು, ಇಳಿದಾಗ ಸುಮ್ಮನಾದರು ಎಂದು ಲೆಕ್ಕ ಹಾಕಿದರೆ ನಮ್ಮ ವಿಶ್ವಾಸವೂ ಮಾರುಕಟ್ಟೆಯ ದರದಂತೆ ಏರಿಳಿಯುತ್ತದೆ. ಕೃತಜ್ಞತೆ ಸಲ್ಲಿಸೋಣ, ಅದು ನ್ಯಾಯ. ಆದರೆ ಬೆಲೆಯನ್ನು ದೇವರ ಮಾತೆಂದು ಓದುವುದು ಬೇಡ.

ಕಷ್ಟದಲ್ಲಿರುವವರ ಮನೆಗೆ ಹೋದಾಗ ನಾವು ಮಾಡುವ ಇನ್ನೊಂದು ತಪ್ಪಿದೆ. ದೇವರು ಮೌನವಾಗಿರುವಾಗ ನಾವೇ ಅವರ ಪರವಾಗಿ ಮಾತಾಡಲು ಹೊರಡುತ್ತೇವೆ. "ನಿಮ್ಮ ಪ್ರಾರ್ಥನೆ ಕಡಿಮೆಯಾಗಿರಬೇಕು", "ಯಾವುದೋ ಪಾಪದ ಫಲ", "ದೇವರು ನಿಮ್ಮನ್ನು ಪರೀಕ್ಷಿಸುತ್ತಿದ್ದಾರೆ". ಯೋಬನ ಸ್ನೇಹಿತರು ಮಾಡಿದ್ದೂ ಇದನ್ನೇ. ಮೊದಲ ಏಳು ದಿನ ಅವರು ಅವನ ಪಕ್ಕದಲ್ಲಿ ಬಾಯಿ ಬಿಡದೆ ಕುಳಿತರು, ಅದು ಸ್ನೇಹ. ಆಮೇಲೆ ಬಾಯಿ ತೆರೆದು ಕಾರಣ ವಿವರಿಸತೊಡಗಿದರು, ಅಲ್ಲಿ ಎಡವಿದರು. ಯೋಬನಾದರೋ ದೇವರೊಡನೆ ಜಗಳವಾಡಿದ, ಹುಟ್ಟಿದ ದಿನವನ್ನೇ ಶಪಿಸಿದ, ನ್ಯಾಯ ಕೇಳಿದ. ಕೊನೆಗೆ ದೇವರು ಕೋಪಿಸಿಕೊಂಡದ್ದು ಯಾರ ಮೇಲೆ? ಕಾರಣ ಹೇಳಿದ ಸ್ನೇಹಿತರ ಮೇಲೆ. ಯೋಬನೇ ತಮ್ಮ ಕುರಿತು ಸರಿಯಾಗಿ ಮಾತಾಡಿದವನೆಂದರು. ಸ್ನೇಹಿತರು ದೇವರ ಬಗ್ಗೆ ಮಾತಾಡಿದರು, ಯೋಬ ದೇವರೊಂದಿಗೆ ಮಾತಾಡಿದ. ವಿಶ್ವಾಸವೆಂದರೆ ಈ ವ್ಯತ್ಯಾಸವೇ.

ಪ್ರಭು ಯೇಸುವಿನ ಬದುಕನ್ನು ಧ್ಯಾನಿಸಿ. ಜೋರ್ಡಾನ್ ನದಿಯಲ್ಲಿ ಸ್ನಾನದೀಕ್ಷೆ ಪಡೆದಾಗ ಸ್ವರ್ಗದಿಂದ ಪಿತನ ಧ್ವನಿ ಕೇಳಿಸಿತು. ಬೆಟ್ಟದ ಮೇಲೆ ರೂಪಾಂತರ ಹೊಂದಿದಾಗಲೂ ಕೇಳಿಸಿತು. ಆದರೆ ಮಗನಿಗೆ ಅದು ಅತ್ಯಂತ ಬೇಕಾಗಿದ್ದ ಕಲ್ವಾರಿಯಲ್ಲಿ ಯಾವ ಧ್ವನಿಯೂ ಕೇಳಲಿಲ್ಲ. ಯೇಸು ಆಗ ಮಾತು ಬಿಡಲಿಲ್ಲ. ತಮ್ಮನ್ನೇಕೆ ಕೈಬಿಟ್ಟಿರಿ ಎಂದು ಕೀರ್ತನೆಕಾರನ ಪ್ರಾರ್ಥನೆಯಲ್ಲೇ ಕೂಗಿ ಕೇಳಿದರು. ಕೈಬಿಟ್ಟಂತಿದ್ದ ದೇವರನ್ನೂ "ನನ್ನ" ದೇವರೆಂದೇ ಕರೆದರು. ಪಿತನ ಉತ್ತರ ಬಂದದ್ದು ಮೂರನೆಯ ದಿನ. ನಡುವೆ ಒಂದು ಇಡೀ ಶನಿವಾರ ಮೌನವಾಗಿಯೇ ಕಳೆಯಿತು. ನಮ್ಮಲ್ಲಿ ಕೆಲವರು ವರ್ಷಗಟ್ಟಲೆ ಆ ಶನಿವಾರದಲ್ಲೇ ಬದುಕುತ್ತಾರೆ.

ಕಲ್ಕತ್ತೆಯ ಸಂತ ತೆರೇಸಾ ಅಂಥವರಲ್ಲಿ ಒಬ್ಬರು. 1946ರಲ್ಲಿ ಡಾರ್ಜಿಲಿಂಗ್‌ಗೆ ಹೋಗುವ ರೈಲಿನಲ್ಲಿ ಬಡವರ ಸೇವೆಗೆ ದೇವರ ಕರೆ ಅವರಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಅವರು 1997ರಲ್ಲಿ ತೀರಿಕೊಂಡ ಮೇಲೆ, 2007ರಲ್ಲಿ, ಅವರ ಖಾಸಗಿ ಪತ್ರಗಳು ಪ್ರಕಟವಾದಾಗ ಲೋಕ ಬೆರಗಾಯಿತು. ಸೇವೆ ಆರಂಭಿಸಿದ ಕಾಲದಿಂದ ಹೆಚ್ಚುಕಡಿಮೆ ಕೊನೆಯವರೆಗೂ ಅವರ ಅಂತರಂಗದಲ್ಲಿ ಕತ್ತಲೆಯಿತ್ತು, ದೇವರ ಸಾನ್ನಿಧ್ಯದ ಅನುಭವ ಇರಲಿಲ್ಲ. ಆದರೂ ಬೆಳಗಿನ ಪೂಜೆಯನ್ನು ಬಿಡಲಿಲ್ಲ, ಸಾಯುವವರ ಕೈಯನ್ನೂ ಬಿಡಲಿಲ್ಲ. 2016ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿದಾಗ ಆ ಪತ್ರಗಳು ಅಡ್ಡಿಯಾಗಲಿಲ್ಲ. ಪ್ರಾರ್ಥನೆಯಲ್ಲಿ ಏನೂ ಅನಿಸದಿರುವುದು ಪಾಪವಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ನಮ್ಮ ನಾಡಿನದೇ ಇತಿಹಾಸವನ್ನೂ ನೆನೆಯೋಣ. 1784ರಲ್ಲಿ ಕರಾವಳಿಯ ಸಾವಿರಾರು ಕಥೋಲಿಕರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬರಲಾಯಿತು. ಗುರುಗಳನ್ನು ಗೋವೆಗೆ ಗಡೀಪಾರು ಮಾಡಲಾಗಿತ್ತು, ದೇವಾಲಯಗಳನ್ನು ಕೆಡವಲಾಗಿತ್ತು. ದಾರಿಯಲ್ಲೂ ಸೆರೆಯಲ್ಲೂ ಅನೇಕರು ಸತ್ತರು. ಬಿಡುಗಡೆ ಬಂದದ್ದು 1799ರಲ್ಲಿ, 15 ವರ್ಷಗಳ ನಂತರ. ಬದುಕುಳಿದವರಲ್ಲಿ ಬಹಳಷ್ಟು ಮಂದಿ ಊರಿಗೆ ಮರಳಿ ದೇವಾಲಯಗಳನ್ನು ಮತ್ತೆ ಕಟ್ಟಿದರು. ಇಂದು ಈ ಕಥೆಯನ್ನು ಯಾರ ಮೇಲೂ ಹಗೆ ಸಾಧಿಸಲು ನೆನೆಯಬಾರದು. ಪೂಜೆಯಿಲ್ಲದ, ಗುರುಗಳಿಲ್ಲದ, ಉತ್ತರವಿಲ್ಲದ 15 ವರ್ಷಗಳ ನಂತರವೂ ಅವರ ವಿಶ್ವಾಸ ಉಳಿದಿತ್ತು ಎಂಬುದಕ್ಕಾಗಿ ನೆನೆಯಬೇಕು. ಆ ಸೆರೆಯಲ್ಲೇ ಕಣ್ಣು ಮುಚ್ಚಿದವರನ್ನು ದೇವರು ಮರೆತರೆಂದು ಹೇಳುವ ಹಕ್ಕು ನಮಗಿಲ್ಲ.

ಹಾಗಾದರೆ ನಾವು ಮಾಡಬೇಕಾದದ್ದೇನು? ಮೊದಲನೆಯದಾಗಿ, ದೂರನ್ನೂ ಪ್ರಾರ್ಥನೆಯಾಗಿಸಿ. "ದೇವರೇ, ನೀವು ಕೇಳಿಸಿಕೊಳ್ಳುತ್ತಿಲ್ಲ ಎನಿಸುತ್ತಿದೆ" ಎಂದು ಹೇಳುವುದು ದೇವದೂಷಣೆಯಲ್ಲ. ಕೀರ್ತನೆಗಳಲ್ಲಿ ಅನೇಕವು ಇಂಥ ಗೋಳುಗಳೇ. ಎರಡನೆಯದಾಗಿ, ಸಂಜೆಯ ಜಪಸರವನ್ನು ನಿಲ್ಲಿಸಬೇಡಿ. ನಿಮ್ಮ ಬಾಯಿ ಒಣಗಿದ ದಿನ ಮನೆಯ ಮಗು ಹೇಳಲಿ, ನೀವು ಪಕ್ಕದಲ್ಲಿ ಕುಳಿತರೆ ಸಾಕು. ಮೂರನೆಯದಾಗಿ, ಕಷ್ಟವನ್ನು ಮುಚ್ಚಿಡಬೇಡಿ. ಸಾಲವಿದ್ದರೆ ಮನೆಯವರಿಗೆ ಹೇಳಿ, ಮನಸ್ಸು ಕುಸಿದಿದ್ದರೆ ವೈದ್ಯರನ್ನು ಕಾಣಿ. ಇದು ವಿಶ್ವಾಸದ ಕೊರತೆಯಲ್ಲ. ಕೊನೆಯದಾಗಿ, ಈ ಸೀಮೆಯಲ್ಲಿ ನಮ್ಮ ಕುಟುಂಬಗಳು ಬೆರಳೆಣಿಕೆಯಷ್ಟು. ಭಾನುವಾರದ ಪೂಜೆಗೆ ಒಂದು ಕುಟುಂಬ ಬಾರದಿದ್ದರೂ ಕಾಣುತ್ತದೆ. ಹುಡುಕಿಕೊಂಡು ಹೋಗಿ. ಉಪದೇಶ ಬೇಡ, ಯೋಬನ ಸ್ನೇಹಿತರ ಮೊದಲ ಏಳು ದಿನ ನೆನಪಿರಲಿ. ದೇವರು ಸುಮ್ಮನಿದ್ದಾರೆಂದು ಅಳುವ ಮನೆಗೆ ಅವರು ಕಳುಹಿಸಿದ ಮಾತು ನೀವೇ ಆಗಿರಬಹುದು.

ತೆಂಗಿನ ಸೀಮೆಯವರಿಗೆ ಕಾಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಲು 8ರಿಂದ 12 ತಿಂಗಳು ಬೇಕು. ಮೊದಮೊದಲು ಕುಲುಕಿದರೆ ನೀರಿನ ಸದ್ದು ಕೇಳುತ್ತದೆ, ನೀರು ಇಂಗುತ್ತಾ ಆ ಸದ್ದು ಅಡಗುತ್ತದೆ. ಸದ್ದಿಲ್ಲವೆಂದು ಅವಸರಪಟ್ಟು ಒಡೆದರೆ ಕೊಬ್ಬರಿಯೂ ಸಿಗದು, ಎಳನೀರೂ ಸಿಗದು. ಕೊಬ್ಬರಿ ಚಿಪ್ಪು ಬಿಟ್ಟ ಮೇಲೆಯೇ ಒಳಗಿನಿಂದ ಗಡಗಡ ಸದ್ದು. ಅಟ್ಟದಲ್ಲಿ ಕೊಳೆಯುವ ಕಾಯಿಗಳೂ ಇವೆ, ನಿಜ. ಎಲ್ಲ ಪ್ರಾರ್ಥನೆಗೂ ಈ ಲೋಕದಲ್ಲೇ ಉತ್ತರ ಸಿಗುತ್ತದೆಂದು ಪ್ರಭು ಯೇಸು ನಮಗೆ ಮಾತು ಕೊಡಲಿಲ್ಲ. ಯುಗಾಂತ್ಯದವರೆಗೂ ಜೊತೆಗಿರುತ್ತೇನೆಂದು ಮಾತ್ರ ಮಾತು ಕೊಟ್ಟರು.

ಆದ್ದರಿಂದ ಅಳುತ್ತಲಾದರೂ, ಮುನಿಸಿನಿಂದಲಾದರೂ, ಇಂದು ರಾತ್ರಿ ಅವರೊಂದಿಗೆ ಒಂದು ಮಾತಾಡಿ ಮಲಗಿರಿ.